ಬಾನೆಟ್ ಮೇಲೊಂದು ಅಂಗೈ

ನಾನು ಕೆಲಸ ಮಾಡುವ ಜಾಗದಲ್ಲಿ ಕಾರನ್ನು ಯಾರೂ ಮುಟ್ಟುವುದಿಲ್ಲ. ಚನ್ನಗಿರಿ ಊರು ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ನೀಲಿ ತಗಡಿನ ಉದ್ದನೆಯ ಶೆಡ್ಡು ಇದೆಯಲ್ಲ, ಅದೇ ನನ್ನ ಜಾಗ. ‘ಯಾರ ಕೈಯೂ ಸೋಕದೆ ನಿಮ್ಮ ಕಾರು ಫಳಫಳ’ ಎಂದು ಮುಂದೆ ಬೋರ್ಡು ಬರೆಸಿದ್ದಾರೆ. ಯಂತ್ರ ತೊಳೆಯುತ್ತದೆ. ನಾನು ಗಾಜಿನ ಗೂಡಿನಲ್ಲಿ ಕೂತು ಗುಂಡಿ ಒತ್ತುತ್ತೇನೆ.

ಅದು ತೊಳೆಯುವುದನ್ನು ನೋಡಲು ಶುರುವಿನಲ್ಲಿ ಜನ ಬಸ್ಸಿಳಿದು ಬರುತ್ತಿದ್ದರು. ನೋಡುವಂಥದ್ದೇ. ಕಾರು ಒಳಗೆ ಬಂದು, ಎದುರಿನ ಹಸಿರು ದೀಪ ಕೆಂಪಾದ ಕೂಡಲೇ ನಿಲ್ಲಬೇಕು. ಗಾಜು ಏರಿಸಿ, ಕನ್ನಡಿ ಮಡಚಿ, ಹ್ಯಾಂಡ್‌ಬ್ರೇಕ್ ಎಳೆದು ಒಳಗೇ ಕೂತಿರಬಹುದು. ಮೇಲಿನ ಹಳಿಯಿಂದ ಒಂದು ತೋಳು ಇಳಿಬಿದ್ದಿದೆ, ಮಡಚಿದ ಮೊಣಕೈಯಂಥದ್ದು. ಮೊದಲ ಸುತ್ತಿನಲ್ಲಿ ಅದು ನೀರು ಬಿಡುವುದಿಲ್ಲ. ಕಣ್ಣಿಗೆ ಕಾಣದ ಬೆಳಕಿನ ಗೆರೆಗಳನ್ನು ಹಾಯಿಸಿ, ಮೂತಿ ಎಲ್ಲಿ, ಬಾಲ ಎಲ್ಲಿ, ಎತ್ತರ ಎಷ್ಟು ಎಂದು ಅಳೆದುಕೊಳ್ಳುತ್ತದೆ. ಎರಡನೆಯ ಸುತ್ತಿಗೆ ಬರೀ ನೀರು, ದಪ್ಪ ಕೆಸರು ಉದುರಿಸಲು. ಆಮೇಲೆ ಕ್ಷಾರದ ಮದ್ದು ಬೆರೆಸಿದ ನೊರೆ. ನೊರೆ ಹೊದಿಸಿ ಯಂತ್ರ ಸುಮ್ಮನೆ ನಿಂತುಬಿಡುತ್ತದೆ. ಗೊತ್ತಿಲ್ಲದವರು ಕೆಟ್ಟುಹೋಯಿತೆಂದು ಹಾರನ್ ಹೊಡೆಯುತ್ತಾರೆ. ಹಿಂದೆ ಅಗಸರು ಬಟ್ಟೆಯನ್ನು ಸವಳು ಮಣ್ಣಿನಲ್ಲಿ ನೆನೆಹಾಕಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರಂತೆ, ಕೊಳೆ ತಾನಾಗಿ ಬಿಡಲಿ ಎಂದು. ಇದೂ ಅಷ್ಟೇ, ಬೀಡಿಯೊಂದಿಲ್ಲ. ಕೊಳೆ ಸಡಿಲವಾದ ಮೇಲೆ ಜೋರು ಒತ್ತಡದ ನೀರು ಸಾವಿರ ಸೂಜಿಯ ಹಾಗೆ ಬಡಿಯುತ್ತದೆ. ಕೊನೆಗೆ ಮೇಣ ಬೆರೆಸಿದ ನೀರು, ಅದರ ಹಿಂದೆಯೇ ಗಾಳಿ. ಬ್ರಷ್ಷಿಲ್ಲ, ಬಟ್ಟೆಯಿಲ್ಲ, ಗೀರು ಬೀಳುವ ಭಯವಿಲ್ಲ.

ನಮ್ಮಜ್ಜಿ ಇದನ್ನು ನೋಡಿದ್ದರೆ ನಗುತ್ತಿದ್ದಳು. ನಾನು ಮಾತು ಕಲಿತದ್ದು ಅವಳ ಬಚ್ಚಲ ಕಲ್ಲಿನ ಮೇಲೆ. ತಂಬಿಗೆ ತಂಬಿಗೆ ನೀರು ಸುರಿದುಕೊಂಡು ಓಡಿಬರುತ್ತಿದ್ದ ನಮ್ಮನ್ನು ರಟ್ಟೆ ಹಿಡಿದು ಕೂರಿಸುತ್ತಿದ್ದಳು. “ನೀರು ಬಿದ್ದಿದ್ದೆಲ್ಲ ಸ್ನಾನ ಅಲ್ಲೋ, ಎಮ್ಮೆ ಮ್ಯಾಲೂ ಮಳೆ ಬೀಳ್ತೈತೆ. ಉಜ್ಜಿದ್ರೆ ಸ್ನಾನ” ಎನ್ನುತ್ತಿದ್ದಳು. ಬೆನ್ನಿಗೆ ಬಂದಾಗ ಇನ್ನೊಂದು ಮಾತು ಸೇರಿಸುತ್ತಿದ್ದಳು: “ಎಂಥಾ ಪೈಲ್ವಾನ ಆದ್ರೂ ಬೆನ್ನು ಮಾತ್ರ ಇನ್ನೊಬ್ಬರ ಪಾಲಿಂದು.”

ಆ ಇನ್ನೊಬ್ಬರ ವಿಷಯವೇ ಹೇಳಬೇಕಾಗಿರುವುದು.

ಈ ಯಂತ್ರ ಬರುವುದಕ್ಕೆ ಮುಂಚೆ ಹದಿನೆಂಟು ವರ್ಷ ಹೊನ್ನಾಳಿಯಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿದ್ದ ವಾಟರ್ ಸರ್ವೀಸಿನಲ್ಲಿದ್ದೆ. ಕೆಲಸಕ್ಕೆ ನಾವಿಬ್ಬರೇ. ನಾನು ಸಾಸ್ವೆಹಳ್ಳಿಯವನು, ಅವನು ನ್ಯಾಮತಿಯ ಸಾಬರವನು. ನಾನು ಅವನಿಗೆ ಭಾಯಿ ಅನ್ನುತ್ತಿದ್ದೆ, ಅವನು ನನಗೆ ಅಣ್ಣ ಅನ್ನುತ್ತಿದ್ದ. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನ ಆಧಾರ್ ಕಾರ್ಡು ಒಂದು ಹೇಳಿದರೆ ಅವನ ತಾಯಿ ಇನ್ನೊಂದು ಹೇಳುತ್ತಿದ್ದರು.

ಗಾಡಿ ತೊಳೆಯುವವರಿಗೆ ಗಾಡಿಗೆ ಎಡ ಬಲ ಎಂಬುದಿಲ್ಲ. ಸ್ಟೇರಿಂಗ್ ಇರುವುದು ಡ್ರೈವರ್ ಸೈಡು, ಆಚೆಯದು ಕ್ಲೀನರ್ ಸೈಡು. ಲಾರಿಯವರಿಂದ ಬಂದ ಮಾತು, ಕ್ಲೀನರೇ ಇಲ್ಲದ ಪುಟ್ಟ ಕಾರಿಗೂ ಅದೇ. ಮೊದಲ ದಿನ ನಾನು ಡ್ರೈವರ್ ಸೈಡಿಗೆ ನಿಂತೆ, ಅವನು ಆಚೆ ನಿಂತ. ಅದೇ ಖಾಯಂ ಆಯಿತು. ಮಧ್ಯೆ ಗಾಡಿ, ಅದರ ನೆತ್ತಿಯ ಮೇಲಿಂದ ಮಾತು. ಎಷ್ಟೋ ಸಲ ಇಡೀ ಬೆಳಗ್ಗೆ ಅವನ ಮುಖ ಕಾಣದೆ ಬರೀ ದನಿ ಕೇಳಿಸುತ್ತಿತ್ತು.

“ಅಣ್ಣ, ನಿನ್ ಕಡೆ ಮಡ್‌ಗಾರ್ಡ್ ಕೆಳಗೆ ಬಿಟ್ಟೀಯ ನೋಡು.”

“ನಿಂಗೆ ಆ ಕಡೆಯಿಂದ ಹೆಂಗೆ ಕಾಣ್ತೈತೋ ಮಾರಾಯ?”

“ಕಾಣಾಕೆ ಏನೈತೆ. ದಿನಾ ಅಲ್ಲೇ ಬಿಡ್ತೀಯ.”

ಅವನ ಕಾಲಿಗೆ ವರ್ಷವಿಡೀ ಕೆಸರುಹುಣ್ಣು. ಸಂಜೆ ಬೆರಳ ಸಂದಿಗೆ ಬೇವಿನೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದ. “ಏನ್ ಭಾಯಿ, ಮದುಮಗಳ ಕಾಲು ಮಾಡ್ಕೊಂಡು ಕೂತೀಯ” ಎಂದು ಛೇಡಿಸುತ್ತಿದ್ದೆ. ಅವನು ನಗುತ್ತಿದ್ದ, ಅಷ್ಟೇ.

ಅವನದೊಂದು ರೂಢಿಯಿತ್ತು. ದಿನದ ಮೊದಲ ಗಾಡಿ, ಬೋಣಿ ಗಾಡಿ, ಬಂದು ನಿಂತ ಮೇಲೆ ಬಾನೆಟ್ಟಿನ ಮೇಲೆ ಬಲ ಅಂಗೈ ಊರಿ ಬಾಯೊಳಗೇ ಬಿಸ್ಮಿಲ್ಲಾ ಹೇಳಿ, ಎತ್ತಿನ ಹೆಗಲಿಗೆ ತಟ್ಟಿದ ಹಾಗೆ ಎರಡು ಸಲ ತಟ್ಟುತ್ತಿದ್ದ. ಅಷ್ಟರಲ್ಲಿ ನಾನು ಈ ಕಡೆ ಮುಂದಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡಿರುತ್ತಿದ್ದೆ. ಇವೆರಡೂ ಆಗದೆ ಪೈಪಿಗೆ ನೀರು ಬಿಟ್ಟದ್ದಿಲ್ಲ.

ಸರ್ವೀಸಿನ ಓನರ್ ಚನ್ನಗಿರಿಯಲ್ಲಿ ಜಾಗ ಮಾಡಿ ಯಂತ್ರ ತರಿಸಿದಾಗ ಹೊನ್ನಾಳಿಯದನ್ನು ಮುಚ್ಚಿದರು. ನಮ್ಮಿಬ್ಬರನ್ನೂ ಕರೆದುಕೊಂಡರು. ಒಳ್ಳೆಯ ಮನುಷ್ಯ, ಕೈಬಿಡಲಿಲ್ಲ. ಯಂತ್ರ ಕೂರಿಸಲು ಬಂದವರು ಮೂರು ದಿನ ಗುಂಡಿಗಳ ಪಾಠ ಹೇಳಿಕೊಟ್ಟರು. ಎಸ್ಸೆಸ್ಸೆಲ್ಸಿವರೆಗೆ ಹೋದವನೆಂದು ನನ್ನನ್ನು ಗೂಡಿನೊಳಗೆ ಕೂರಿಸಿ, ಜೇಬಿನ ಮೇಲೆ ಹೆಸರು ಹೊಲಿದ ನೀಲಿ ಅಂಗಿ ಕೊಟ್ಟರು. ಭಾಯಿಗೆ ಬಾಗಿಲ ಕೆಲಸ: ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಕಿತ್ತಳೆ ಬಣ್ಣದ ಕೋನ್ ಇಡುವುದು, ತೆಗೆಯುವುದು. ಮೊಣಕಾಲುದ್ದದ ಹೊಸ ಗಮ್‌ಬೂಟು ಕೊಟ್ಟರು. ಹದಿನೆಂಟು ವರ್ಷ ಬರಿಗಾಲಲ್ಲಿ ನೀರಿನಲ್ಲಿ ನಿಂತವನಿಗೆ ನೀರು ಮುಟ್ಟದ ಕೆಲಸ ಕೊಟ್ಟ ಮೇಲೆ ಬೂಟು. ನಾವಿಬ್ಬರೂ ಅದಕ್ಕೆ ಬಹಳ ನಕ್ಕೆವು.

ಮೊದಲ ವಾರದಲ್ಲೇ ಒಂದು ಫಜೀತಿ ಆಯಿತು. ಬೋಣಿ ಕಾರು ಒಳಗೆ ನಿಂತಿದೆ, ನಾನು ಗುಂಡಿ ಒತ್ತಿದ್ದೇನೆ, ತೋಳು ಅಳತೆಗೆ ಹೊರಟಿದೆ. ಭಾಯಿ ರೂಢಿಯಂತೆ ಒಳಗೆ ನುಗ್ಗಿ ಬಾನೆಟ್ಟಿಗೆ ಕೈಯಿಟ್ಟ. ಯಂತ್ರ ಅವನನ್ನೂ ಕಾರಿನ ಮೂತಿಯೆಂದು ತಿಳಿದು, ಇಷ್ಟುದ್ದದ ಗಾಡಿ ತನ್ನಿಂದಾಗದು ಎಂದು ಕೀರಲು ಸದ್ದು ಮಾಡಿ ನಿಂತಿತು. ಅದನ್ನು ಮತ್ತೆ ಹೊರಡಿಸಲು ದಾವಣಗೆರೆಯಿಂದ ಮೆಕ್ಯಾನಿಕ್ ಬರಬೇಕಾಯಿತು.

“ಭಾಯಿ, ನಿಂಗೆ ಹೆಡ್‌ಲೈಟ್ ಒಂದು ಕಮ್ಮಿ ಐತೆ ಅಂತೈತೆ ಮಿಷನ್ನು” ಎಂದೆ.

“ನಂಬರ್ ಪ್ಲೇಟ್ ಕೇಳ್ಲಿಲ್ವಾ? ಸದ್ಯ” ಎಂದ.

ಓನರ್ ಮಾತ್ರ ನಗಲಿಲ್ಲ. ಇನ್ನು ಒಳಗೆ ಹೋಗಬೇಡ ಎಂದರು. ಅಂದಿನಿಂದ ಅವನು ಬೋಣಿ ಕಾರನ್ನು ಹೊರಗೆ ಸಾಲಿನಲ್ಲಿರುವಾಗಲೇ ಮುಟ್ಟಿ ಕಳಿಸತೊಡಗಿದ.

ಒಂದು ಬೇಸಿಗೆಯ ಬೆಳಗ್ಗೆ ಕೆರೆಬಿಳಚಿಯವರೊಬ್ಬರ ಕರಿ ಕಾರು ಬಂತು. ವಾರವೆಲ್ಲ ಬಯಲುಸೀಮೆ ಸುತ್ತಿ ಬಂದಿತ್ತು, ಮೈಮೇಲೆ ಹಿಟ್ಟಿನಂಥ ಧೂಳು. ಭಾಯಿ ಅಂಗೈ ಊರಿ, ತಟ್ಟಿ, ಒಳಗೆ ಬಿಟ್ಟ. ನೊರೆ, ನೀರು, ಮೇಣ, ಗಾಳಿ ಎಲ್ಲ ಮುಗಿಸಿ ಕಾರು ಆಚೆ ಬಾಗಿಲಿನಿಂದ ಬಿಸಿಲಿಗೆ ಹೋಯಿತು. ಒಣಗಿದ ಮೇಲೆ ನೋಡಿದರೆ ಬಾನೆಟ್ಟಿನ ಮೇಲೆ ಐದು ಬೆರಳು, ಅಂಗೈ, ಹೆಬ್ಬೆರಳಿನ ಬುಡದ ಉಬ್ಬು, ಎಲ್ಲ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು.

ಕಾರಿನವರು ಕರೆದರು. ಅಷ್ಟರಲ್ಲಿ ಓನರೂ ಬಂದರು. ಭಾಯಿ ಕೈಯಲ್ಲಿ ಕೋನ್ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದ.

“ಇದೇನ್ರಿ ಇದು? ಯಾರ ಕೈಯೂ ಮುಟ್ಟಲ್ಲ ಅಂತ ಬೋರ್ಡ್ ಹಾಕೀರಿ” ಎಂದರು ಕಾರಿನವರು.

ಓನರ್ ನನ್ನ ಮುಖ ನೋಡಿದರು.

ಆ ಅಚ್ಚು ಕಂಡ ಕ್ಷಣವೇ ನನಗೆ ಗೊತ್ತಾಗಿತ್ತು. ಕಾರಿನ ಮೈಗೆ ಹಾಲಿನ ಕೆನೆಯ ಹಾಗೆ ಒಂದು ತೆಳು ಪೊರೆ ಹಿಡಿದಿರುತ್ತದೆ, ಧೂಳು ಹೊಗೆ ಸೇರಿ ಆದದ್ದು. ದಪ್ಪ ಕೊಳೆ ನೀರಿನ ಪೆಟ್ಟಿಗೆ ಹೋಗುತ್ತದೆ. ಈ ಪೊರೆಯ ಮೇಲೆ ಎಂಥ ನೀರೂ ಜಾರಿಕೊಂಡು ಹೋಗುತ್ತದೆ. ಅದು ಬಿಡುವುದು ಉಜ್ಜಿದರೆ ಮಾತ್ರ. ಬಿಳಿ ಕಾರಿನಲ್ಲಿ ಕಾಣುವುದಿಲ್ಲ, ಕರಿ ಕಾರಿನಲ್ಲಿ ಬಿಸಿಲಿಗೆ ಕಾಣುತ್ತದೆ. ಭಾಯಿಯ ಅಂಗೈ ಊರಿದ್ದಲ್ಲಿ ಪೊರೆ ಎದ್ದುಹೋಗಿತ್ತು. ಅಂದರೆ ಆ ಇಡೀ ಕಾರಿನಲ್ಲಿ ಸರಿಯಾಗಿ ಶುದ್ಧವಾಗಿದ್ದ ಜಾಗ ಅವನ ಕೈ ಬಿದ್ದ ಅಷ್ಟಗಲ ಮಾತ್ರ.

ಇದನ್ನು ಹೇಳಿದರೆ ಯಂತ್ರದ ಮರ್ಯಾದೆ ಹೋಗುತ್ತದೆ. ಯಂತ್ರದ್ದು ಹೋದರೆ ಗೂಡಿನಲ್ಲಿ ಕೂತ ನನ್ನದೂ ಹೋಗುತ್ತದೆ. ಇಷ್ಟೆಲ್ಲ ಯೋಚಿಸಿ ಹೇಳಿದೆ ಎಂದರೆ ಅದೂ ಸುಳ್ಳಾದೀತು. ಬಾಯಿಗೆ ಬಂದದ್ದು ಇಷ್ಟು:

“ಇವನ ಚಟ ಸಾರ್ ಅದು. ಮುಟ್ಟಬ್ಯಾಡ ಅಂದ್ರೂ ಮುಟ್ತಾನೆ. ಕೈಯಾಗಿನ ಜಿಡ್ಡು ಅಂಟ್ಕೊಂಡೈತೆ.”

ಭಾಯಿ ಕೋನನ್ನು ಕೆಳಗಿಟ್ಟು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಅದನ್ನು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟು ವರ್ಷದಲ್ಲಿ ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡದ್ದನ್ನು ನಾನು ಕಂಡವನಲ್ಲ. ಸಂಜೆ ಗಮ್‌ಬೂಟು ಬಿಚ್ಚಿ ಬೆಂಚಿನ ಕೆಳಗೆ ಜೋಡಿಸಿಟ್ಟು, ಟಿಫನ್ ಡಬ್ಬಿ ಎತ್ತಿಕೊಂಡು ಹೋದವನು ಮಾರನೇ ದಿನ ಬರಲಿಲ್ಲ. ಜಗಳೂರಿನಲ್ಲಿ ಅವನ ಭಾಮೈದನದೊಂದು ವಾಟರ್ ಸರ್ವೀಸಿದೆ, ಅಲ್ಲಿಗೆ ಹೋದನಂತೆ ಎಂದು ವಾರದ ಮೇಲೆ ತಿಳಿಯಿತು.

ಬಾಗಿಲಿಗೆ ಬೇರೆ ಯಾರನ್ನೂ ಇಡಲಿಲ್ಲ. ಓನರ್ ಒಂದು ದನಿ ಹಾಕಿಸಿದರು. ಕಾರು ಬಂದ ಕೂಡಲೇ ಹೆಣ್ಣು ದನಿಯೊಂದು “ದಯವಿಟ್ಟು ಮುಂದೆ ಬನ್ನಿ, ದಯವಿಟ್ಟು ನಿಲ್ಲಿಸಿ” ಎನ್ನುತ್ತದೆ. ಯಾವ ಊರಿನವರೂ ಆಡದ ಕನ್ನಡ. ಜನ ಗಾಜು ಏರಿಸಿಕೊಂಡೇ ಬರುತ್ತಾರೆ, ಏರಿಸಿಕೊಂಡೇ ಹೋಗುತ್ತಾರೆ. ನೊರೆ ಮುಚ್ಚಿದ ಗಾಜಿನ ಒಳಗೆ ಫೋನಿನ ಬೆಳಕು ಮಾತ್ರ ಕಾಣುತ್ತದೆ. ನಾನೂ ಗಾಜಿನೊಳಗೆ, ಅವರೂ ಗಾಜಿನೊಳಗೆ. ಭಾನುವಾರ ನೂಕುನುಗ್ಗಲು, ಆದರೂ ಬಾಯಿ ಬಿಡದೆ ದಿನ ಮುಗಿಯುತ್ತದೆ. ಮಾತಾಡದೆ ಇದ್ದರೆ ನಾಲಿಗೆ ಗೋಂದಿನ ಹಾಗೆ ಅಂಟಿಕೊಳ್ಳುತ್ತದೆ. ಮಧ್ಯಾಹ್ನ ಚಹಾದಂಗಡಿಗೆ ಹೋಗಿ ಮೊದಲ ಮಾತಾಡಿದಾಗ ನನ್ನ ದನಿ ನನಗೇ ಬೇರೆಯವರದ್ದೆನಿಸುತ್ತಿತ್ತು. ಒಮ್ಮೆ ಆ ಹೆಣ್ಣು ದನಿ “ಧನ್ಯವಾದ, ಮತ್ತೆ ಬನ್ನಿ” ಎಂದಾಗ “ಬರ್ತೀನವ್ವ” ಎಂದುಬಿಟ್ಟೆ. ಸುತ್ತ ಯಾರೂ ಇರಲಿಲ್ಲ, ಅದಕ್ಕೇ ನಾಚಿಕೆಯಾಯಿತು.

ಊರಿಗೆ ವಾರಕ್ಕೊಮ್ಮೆ ಹೋದಾಗ ಮನೆಯಲ್ಲಿ “ಏನಾಗೈತೆ ನಿಮಗೆ? ಭಾಯಿ ಹೆಂಗವ್ರೆ?” ಎಂದು ಕೇಳಿದರು. “ಆರಾಮವ್ನೆ” ಎಂದೆ. ಫೋನು ಮಾಡಿದರೆ ಭಾಯಿ ಎತ್ತುತ್ತಿದ್ದ, ಎತ್ತದೆ ಇದ್ದದ್ದಿಲ್ಲ. “ಎಲ್ಲಾ ಚೆನ್ನಾಗೈತಣ್ಣ, ಗಾಡಿ ಐತೆ, ಇಡ್ತೀನಿ” ಎನ್ನುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು.

ಯಂತ್ರದ ರಿಪೇರಿಗೆಂದು ಎರಡು ದಿನ ಶೆಡ್ಡು ಮುಚ್ಚಿದಾಗ ನಾನು ದಾವಣಗೆರೆಗೆ ಹೋಗಿ ಜಗಳೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನಾನು ಅಜ್ಜಿಯ ಕಾಲದಿಂದ ಮಾತಿನಲ್ಲಿ ಬಡವನಲ್ಲ. ಆದರೂ ಅವತ್ತು ಜೋಡಿಸಿದ್ದೊಂದೂ ಜಗಳೂರಿನವರೆಗೆ ಬಾಳಲಿಲ್ಲ.

ಸರ್ವೀಸು ಅಂದರೆ ಬಯಲಿನಲ್ಲಿ ನಾಲ್ಕು ಕಂಬ, ಮೇಲೆ ತಗಡು, ಒಂದು ಮೋಟರು, ನೆಲಕ್ಕೆ ಜಲ್ಲಿ. ಭಾಯಿ ಹಾಲಿನ ವ್ಯಾನೊಂದಕ್ಕೆ ಶಾಂಪೂ ಹಚ್ಚುತ್ತಿದ್ದ. ಎಂದಿನಂತೆ ಕ್ಲೀನರ್ ಸೈಡಿನಲ್ಲಿ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ಬಕೆಟ್ಟಿನಿಂದ ಒಂದು ಬನಿಯನ್ ಬಟ್ಟೆ ಹಿಂಡಿ ವ್ಯಾನಿನ ಮೇಲಿಂದ ಈಚೆಗೆ ಎಸೆದ. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಡ್ರೈವರ್ ಸೈಡಿಗೆ ನಿಂತೆ.

ಅರ್ಧ ವ್ಯಾನು ಉಜ್ಜಿ ಆಯಿತು.

“ಹೆಂಗೈತೆ ನಿನ್ ಮಿಷನ್ನು?” ಆಚೆಯಿಂದ ದನಿ ಬಂತು.

“ರಿಪೇರಿಗೆ ಬಂದೈತೆ.”

“ಅದಕ್ಕೂ ಕೆಸರುಹುಣ್ಣಾ?”

ನನಗೆ ನಗು ಬಂತು. ಮುಖ ಕಾಣದೆ ಇದ್ದದ್ದು ಒಳ್ಳೆಯದಾಯಿತು. “ಭಾಯಿ, ಅವತ್ತು ನಾ ಅಂದಿದ್ದು ಸುಳ್ಳು. ನಿನ್ ಕೈ ಬಿದ್ದಲ್ಲಿ ಮಾತ್ರ ಆ ಕಾರು...”

“ಗೊತ್ತು.”

“ನಂಗೆ ಅವಾಗ್ಲೇ ಗೊತ್ತಿತ್ತು.”

“ಅದೂ ಗೊತ್ತು.” ಬಟ್ಟೆ ಹಿಂಡಿದ ಸದ್ದು ಬಂತು. “ನಂಗ್ಯಾಕೆ ಹೇಳ್ತೀಯಣ್ಣ? ಗೊತ್ತಿದ್ದೋನಿಗೆ ಹೇಳಾಕೆ ಇಲ್ಲಿಗಂಟ ಬಸ್ ಹತ್ತಿ ಬಂದೀಯ. ಗೊತ್ತಿಲ್ಲದೋರು ಅಲ್ಲೇ ಅದಾರೆ, ಕೆರೆಬಿಳಚೀಲಿ. ನನ್ ಕೈ ಜಿಡ್ಡು ಅಂತ ಅವ್ರು ಇವತ್ತಿಗೂ ತಿಳ್ಕೊಂಡಿರ್ತಾರೆ.”

ನಾನು ಹಿಂದಿನ ಚಕ್ರದ ಕಡೆಗೆ ಸರಿದೆ.

“ವಾಪಸ್ ಬಾ” ಎಂದೆ.

“ಕೋನ್ ಇಡಾಕಾ?” ಎಂದ. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದ ಹಾಗಿತ್ತು. “ಇಲ್ಲಿ ಗಾಡಿ ಮುಟ್ಟಾಕೆ ಸಿಕ್ತೈತಣ್ಣ. ಅದು ಬಿಡು, ನಿನ್ ಕಡೆ ಮಡ್‌ಗಾರ್ಡ್ ಕೆಳಗೆ ನೋಡ್ಕೊ.”

ಬಗ್ಗಿ ನೋಡಿದೆ. ಬಿಟ್ಟಿದ್ದೆ.

ಅವನ ಮನೆಯಲ್ಲಿ ಊಟ ಮಾಡಿಸಿದ. ಬಸ್ಸಿನವರೆಗೆ ಬಂದು, ಕಿಟಕಿಯ ಮೇಲಿಟ್ಟಿದ್ದ ನನ್ನ ಮುಂಗೈಯನ್ನು ಎರಡು ಸಲ ತಟ್ಟಿದ. ಬಸ್ಸು ಹೊರಟಿತು.

ಕರಿ ಕಾರು ಮತ್ತೆ ಬರಲು ತಿಂಗಳಾಯಿತು. ದಿನಾ ಬೆಳಗ್ಗೆ ಸಾಲು ನೋಡುತ್ತಿದ್ದೆ. ಬರಲಿ ಎಂದೂ ಅನಿಸುತ್ತಿತ್ತು, ಬಾರದಿರಲಿ ಎಂದೂ ಅನಿಸುತ್ತಿತ್ತು. ಬಂದ ದಿನ ಅದೇ ಬೋಣಿ ಗಾಡಿ. ಮೈತುಂಬ ಧೂಳು. ನಾನು ಗೂಡಿನಿಂದ ಇಳಿದು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಊರಿದೆ. ಏನು ಹೇಳಬೇಕೆಂದು ತೋಚದೆ ಎರಡು ಸಲ ತಟ್ಟಿದೆ. ಗಾಜಿನೊಳಗಿನವರು ಫೋನಿನಲ್ಲಿದ್ದರು, ನೋಡಲಿಲ್ಲ. ವಾಪಸ್ಸು ಹೋಗಿ ಗುಂಡಿ ಒತ್ತಿದೆ. ನೊರೆ ನೆನೆಯುವ ಆ ಒಂದು ನಿಮಿಷ ಎಂದೂ ಅಷ್ಟು ಉದ್ದವಾಗಿರಲಿಲ್ಲ.

ಕಾರು ಬಿಸಿಲಿಗೆ ಹೋಗಿ ಒಣಗಿತು. ಐದು ಬೆರಳು. ನನ್ನ ಕಿರುಬೆರಳು ಸೊಟ್ಟ, ಅದೂ ಕಾಣುತ್ತಿತ್ತು.

ಕಾರಿನವರು ಇಳಿದು ನೋಡಿದರು. “ಆ ಮುಟ್ಟೋ ಚಟದೋನು ಈಗ ಇಲ್ಲಿ ಕಾಣ್ತಿಲ್ವಲ್ಲ. ಮತ್ತಿದು?”

“ನಂದು ಸಾರ್” ಎಂದೆ. “ಒಂದ್ನಿಮಿಷ ನಿಮ್ ಕರ್ಚೀಫ್ ಕೊಡ್ತೀರಾ?”

ಅನುಮಾನದಿಂದಲೇ ಕೊಟ್ಟರು. ಬಿಳಿಯದು, ಇಸ್ತ್ರಿ ಮಾಡಿದ್ದು. ಅದರ ಒಂದು ಮೂಲೆಯಿಂದ ಅಂಗೈ ಅಚ್ಚಿನ ಒಳಗೆ ಒರೆಸಿ ತೋರಿಸಿದೆ. ಬಿಳಿಯಾಗೇ ಇತ್ತು. ಇನ್ನೊಂದು ಮೂಲೆಯಿಂದ ಅಚ್ಚಿನ ಪಕ್ಕದಲ್ಲಿ ಒರೆಸಿದೆ. ಬೂದಿ ಬಣ್ಣಕ್ಕೆ ತಿರುಗಿತು.

“ಕೈ ಬಿದ್ದಲ್ಲಿ ಶುದ್ಧ ಆಗೈತೆ ಸಾರ್. ಉಳಿದಿದ್ದು ಆಗಿಲ್ಲ. ಅವತ್ತೂ ಹಿಂಗೇ ಇತ್ತು. ಅವನ ಕೈಯಾಗೆ ಜಿಡ್ಡಿರಲಿಲ್ಲ. ನಾನು ಸುಳ್ಳು ಹೇಳಿದ್ದೆ.”

ಅವರು ಕರ್ಚೀಫಿನ ಎರಡು ಮೂಲೆ ಹಿಡಿದು ನೋಡಿದರು. ಕಾರನ್ನು ನೋಡಿದರು. ಓನರ್ ಆಫೀಸಿನ ಬಾಗಿಲಲ್ಲಿ ನಿಂತದ್ದು ನನಗೆ ಕಾಣುತ್ತಿತ್ತು; ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅವರು ಒಳಗೆ ಹೋದರು. ಅವತ್ತು ಕೇಳಲಿಲ್ಲ, ಆಮೇಲೆ ಕೇಳಿದರು, ಅದು ಇರಲಿ.

“ಅವನಿಗೆ ಹೇಳಿದ್ರಾ ಇದನ್ನ?” ಎಂದರು ಕಾರಿನವರು.

“ಅವನಿಗೆ ಗೊತ್ತಿತ್ತು ಸಾರ್. ನಿಮಗೆ ಹೇಳು ಅಂದ.”

“ಹೂಂ” ಎಂದರು. ಕರ್ಚೀಫು ಮಡಚಿ ಜೇಬಿಗಿಟ್ಟು, “ಹಂಗಾದ್ರೆ ಉಳಿದಿದ್ದನ್ನ ಒರೆಸೋರು ಯಾರು?”

ಗೂಡಿನ ಹಿಂದೆ ಹಳೇ ಬನಿಯನ್ ಬಟ್ಟೆಯಿತ್ತು. ನೆನೆಸಿ ಹಿಂಡಿ ತಂದೆ. ಡ್ರೈವರ್ ಸೈಡು ಮುಂದಿನಿಂದ ಹಿಂದಿನವರೆಗೆ ಒರೆಸಿದೆ, ಮಡ್‌ಗಾರ್ಡ್ ಕೆಳಗೂ ಒರೆಸಿದೆ. ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿ ನಿಂತೆ. ಯಾಕೆ ನಿಂತೆನೆಂದು ಆಮೇಲೆ ಹೊಳೆಯಿತು. “ನಂದಾಯ್ತಣ್ಣ” ಎಂಬ ದನಿ ಆಚೆಯಿಂದ ಬರಲೆಂದು ಕಾಯುತ್ತಿದ್ದೆ.

ಕಾರನ್ನು ಸುತ್ತಿ ಆಚೆ ಹೋದೆ. ತೊಳೆದ ನೀರೆಲ್ಲ ಹರಿದುಹೋಗಲೆಂದು ನೆಲವನ್ನು ಆ ಕಡೆಗೇ ಇಳಿಜಾರು ಮಾಡಿದ್ದಾರೆ. ಮೂರು ಹೆಜ್ಜೆಗೆ ನನ್ನ ಚಪ್ಪಲಿ ಮುಳುಗಿತು. ಕೊಳೆ, ನೊರೆ, ಮದ್ದು ಎಲ್ಲ ಸೇರಿದ ನೀರು ಬೆರಳ ಸಂದಿಗೆ ಚುರುಚುರು ಎಂದಿತು. ಹೊನ್ನಾಳಿಯ ಶೆಡ್ಡನ್ನು ಕಣ್ಣಮುಂದೆ ತಂದುಕೊಂಡೆ. ಗಾಡಿಗಳು ಯಾವಾಗಲೂ ರಸ್ತೆ ಕಡೆಯಿಂದಲೇ ಏರಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದವು. ನೀರೆಲ್ಲ ಇಳಿಯುವ ಮೋರಿ ಇದ್ದದ್ದು ಹೊಳೆಯ ಕಡೆಗೆ, ಅಂದರೆ ಕ್ಲೀನರ್ ಸೈಡಿಗೆ. ಹದಿನೆಂಟು ವರ್ಷ ನಾನು ಒಣ ನೆಲದಲ್ಲಿ ನಿಂತು ಅವನ ಕಾಲನ್ನು ಛೇಡಿಸಿದ್ದೆ.

ಕಾರಿನವರು ನೆರಳಿಗೆ ಸರಿದು ಫೋನು ತೆಗೆದರು. ನಾನು ಒಳಗೆ ಹೋಗಿ ಬೆಂಚಿನ ಕೆಳಗಿನ ಗಮ್‌ಬೂಟು ಎಳೆದೆ. ಒಳಗೆ ಜೇಡ ಬಲೆ ಕಟ್ಟಿತ್ತು. ಕೊಡವಿ ಹಾಕಿಕೊಂಡೆ, ನನಗೆ ಒಂದಳತೆ ದೊಡ್ಡದು. ಬಟ್ಟೆಯನ್ನು ಮತ್ತೆ ಹಿಂಡಿ, ನೀರಿನಲ್ಲಿ ನಿಂತು, ಕ್ಲೀನರ್ ಸೈಡನ್ನು ಮುಂದಿನ ಬಾಗಿಲಿನಿಂದ ಶುರುಮಾಡಿದೆ.